ಬಡವರಿಗೂ ಉಡುಗೆ, ವೀನಸ್‌ಗೂ ಉಡುಗೆ

ಮಾರಾಟಕ್ಕೆಂದು ಅಚ್ಚಾದ ಮೊಟ್ಟಮೊದಲ ಕ್ರಿಸ್‌ಮಸ್ ಶುಭಾಶಯ ಪತ್ರದ ಪ್ರತಿಯೊಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದ್ದು, ಅದನ್ನು ಬರೆದ ಕೈ ಯಾರದೆಂದು ತಿಳಿದವರು ಆ ಪುಟ್ಟ ರಟ್ಟನ್ನು ಬೇಗ ಕೆಳಗಿಡಲಾರರು. 1843ರಲ್ಲಿ ಹೆನ್ರಿ ಕೋಲ್ ಎಂಬ ಅಧಿಕಾರಿಯ ಕೋರಿಕೆಯಂತೆ ಅದನ್ನು ರಚಿಸಿದ ಜಾನ್ ಕಾಲ್ಕಾಟ್ ಹಾರ್ಸ್‌ಲಿ, ನಾಲ್ಕು ದಶಕಗಳ ಬಳಿಕ ಇಂಗ್ಲೆಂಡಿನ ಕಲೆಗೆ ಮಾನದ ಪಾಠ ಹೇಳಲು ಹೊರಟ ಚಿತ್ರಕಾರನೇ ಆಗಿದ್ದಾನೆ.

ಪತ್ರದ ನಡುವಣ ಅಂಕಣದಲ್ಲಿ ಹಬ್ಬದೂಟಕ್ಕೆ ಕುಳಿತ ಕುಟುಂಬವು ಲೋಟವೆತ್ತಿ ಶುಭ ಕೋರುತ್ತಿದ್ದರೆ, ಎಡಬಲಗಳ ಅಂಕಣಗಳಲ್ಲಿ ಹಸಿದವರಿಗೆ ಅನ್ನ, ಬಟ್ಟೆಯಿಲ್ಲದವರಿಗೆ ಬಟ್ಟೆ ಸಲ್ಲುತ್ತಿದೆ. ಇಷ್ಟು ಧರ್ಮಬುದ್ಧಿಯ ಚಿತ್ರಕ್ಕೂ ಅಪವಾದ ತಪ್ಪಲಿಲ್ಲ; ಪುಟ್ಟ ಹುಡುಗಿಯೊಬ್ಬಳ ತುಟಿಗೆ ವೈನ್ ಲೋಟವನ್ನು ಹಿಡಿದಿರುವುದನ್ನು ಕಂಡ ಪಾನವಿರೋಧಿಗಳು, ಅಂದರೆ ಮದ್ಯವನ್ನು ಸಮಾಜದಿಂದಲೇ ದೂರವಿಡಬೇಕೆಂದು ಚಳವಳಿ ಹೂಡಿದ್ದವರು, ಇದು ಮಕ್ಕಳನ್ನು ಕೆಡಿಸುವ ಚಿತ್ರವೆಂದು ದೂರಿದರು. ಒಂದು ಷಿಲಿಂಗ್ ಬೆಲೆಯ ಆ ಪತ್ರದ ಇಡೀ ಸಂತೋಷವನ್ನು ಬಿಟ್ಟು ಒಂದೇ ಲೋಟದ ಮೇಲೆ ಕಣ್ಣು ನೆಟ್ಟವರಿಂದ ಹಾರ್ಸ್‌ಲಿ ಕಲಿಯಬಹುದಾಗಿದ್ದ ಪಾಠವೊಂದಿತ್ತು. ಮುಂದಿನ ಘಟನೆಗಳನ್ನು ನೋಡಿದರೆ, ಅವನು ಅವರ ಕಣ್ಣನ್ನೇ ಎರವಲು ಪಡೆದಂತೆ ತೋರುತ್ತದೆ.

ವಿಕ್ಟೋರಿಯಾ ಯುಗವೆಂದರೆ ಬರಿಯ ಮಡಿವಂತಿಕೆಯೆಂಬ ಗ್ರಹಿಕೆ ಪೂರ್ತಿ ನಿಜವಲ್ಲ. ವಿಲಿಯಂ ಎಟ್ಟಿ ನಗ್ನಚಿತ್ರಗಳಿಂದಲೇ ಹೆಸರು ಗಳಿಸಿದ್ದನು; ಅರೆನಗ್ನ ಸ್ತ್ರೀಯರು ತುಂಬಿದ, ವಿಂಟರ್‌ಹಾಲ್ಟರ್ ಬರೆದ ‘ಫ್ಲೋರಿಂಡಾ’ವನ್ನು ರಾಣಿಯೇ 1852ರಲ್ಲಿ ಪತಿಯ ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಕೊಟ್ಟಿದ್ದಳು. ಪುರಾಣದ ಹೆಸರೊಂದಿದ್ದರೆ ಮೈ ಕಂಡರೂ ಮಾನ ಉಳಿಯುತ್ತಿತ್ತು. ಆದರೆ 1885ರ ಮೇ ತಿಂಗಳಿನಲ್ಲಿ, ಕಲಾಸಂಸ್ಥೆಯಾದ ರಾಯಲ್ ಅಕಾಡೆಮಿಯ ಪ್ರದರ್ಶನ ನಡೆದಿರುವಾಗಲೇ, ‘ದಿ ಟೈಮ್ಸ್’ ಪತ್ರಿಕೆಯಲ್ಲಿ ‘ಬ್ರಿಟಿಷ್ ಮೇಟ್ರನ್’ ಎಂಬ ಗೌರವಸ್ಥ ಗೃಹಿಣಿಯ ಸಹಿಯಲ್ಲಿ ನಗ್ನಚಿತ್ರಗಳನ್ನು ಖಂಡಿಸುವ ಪತ್ರ ಪ್ರಕಟವಾಯಿತು. ಆ ಗೃಹಿಣಿಯ ಸೆರಗಿನ ಮರೆಯಲ್ಲಿ ಇದ್ದವನು ಅಕಾಡೆಮಿಯ ಖಜಾಂಚಿಯಾಗಿದ್ದ ಹಾರ್ಸ್‌ಲಿಯೇ ಎಂಬುದು ಅಂದಿನಿಂದ ಬಂದ ನಂಬಿಕೆ. ಅದೇ ವರ್ಷ ಪೋರ್ಟ್ಸ್‌ಮತ್‌ನ ಚರ್ಚ್ ಸಮ್ಮೇಳನದಲ್ಲಿ ಅವನು ಮರೆಯಿಲ್ಲದೆ ಅದೇ ವಾದವನ್ನು ಮಂಡಿಸಿದಾಗ, ಚಿತ್ರಕಾರ ವಿಸ್ಲರ್ ತನ್ನ ನಗ್ನಚಿತ್ರವೊಂದಕ್ಕೆ ಹಾರ್ಸ್‌ಲಿಯನ್ನು ಲೇವಡಿ ಮಾಡುವ ಚೀಟಿಯನ್ನು ಅಂಟಿಸಿ ಉತ್ತರ ಕೊಟ್ಟನು.

ಗೇಲಿಯ ಸದ್ದಿನಲ್ಲಿ ಹಾರ್ಸ್‌ಲಿಯ ಒಂದು ಮಾತು ಮುಳುಗಿಹೋಯಿತು. ರೂಪದರ್ಶಿ, ಎಂದರೆ ಚಿತ್ರಕಾರನ ಎದುರು ಕೂಲಿಗಾಗಿ ನಿಲ್ಲುವ ಹೆಣ್ಣು, ಆ ಕೆಲಸಕ್ಕೆ ಒಗ್ಗುವ ಮೊದಲು ಎಷ್ಟು ಅವಮಾನ ನುಂಗಬೇಕಾಗುತ್ತದೆಂದು ಅವನು ಕೇಳಿದ್ದನು. ಪ್ರಶ್ನೆ ದಿಟವಾದುದೇ, ಆದರೆ ಅವನು ಆ ವೃತ್ತಿಯನ್ನೇ ನಾಚಿಕೆಗೇಡೆಂದು ಕರೆದನೇ ಹೊರತು ಅವಳ ಕೂಲಿಯ ಗೊಡವೆಗೆ ಹೋಗಲಿಲ್ಲ. ಕಲಾಸ್ವಾತಂತ್ರ್ಯದ ಪಕ್ಷ ವಹಿಸಿದವರೂ ಹೆಚ್ಚಾಗಿ ಗ್ರೀಕ್ ಆದರ್ಶವನ್ನೇ ಮುಂದಿಟ್ಟರು.

ಆ ವರ್ಷ ಟೀಕೆಗೆ ಗುರಿಯಾದ ಎಡ್ವರ್ಡ್ ಪಾಯಿಂಟರ್‌ನ ‘ಡಯಾಡುಮೆನೆ’, 1874ರಲ್ಲಿ ರೋಮಿನ ಎಸ್ಕ್ವಿಲೈನ್ ಬೆಟ್ಟದಲ್ಲಿ ದೊರೆತ ವೀನಸ್ ವಿಗ್ರಹವನ್ನು ಆಧರಿಸಿ, ಕೂದಲು ಕಟ್ಟಿಕೊಳ್ಳುತ್ತಿರುವ ನಗ್ನ ಸ್ತ್ರೀಯನ್ನು ಚಿತ್ರಿಸಿತ್ತು. ಪಾಯಿಂಟರ್ ಮುಂದೆ ತನ್ನ ಕುಂಚದಿಂದಲೇ ಅವಳಿಗೆ ಬಟ್ಟೆ ಹೊದಿಸಿದನು. ನೋಡುವವರ ಮುಜುಗರಕ್ಕೆ ಅದು ಪರಿಹಾರವಾಗಿದ್ದಿರಬಹುದು. ಹಾರ್ಸ್‌ಲಿ ಯಾರ ಹೆಸರಿನಲ್ಲಿ ಮರುಗಿದ್ದನೋ ಆ ರೂಪದರ್ಶಿಗೆ ಅದರಿಂದ ಒಂದು ಪೆನ್ನಿಯೂ ಹೆಚ್ಚು ದಕ್ಕುವಂತಿರಲಿಲ್ಲ.