‘ಟಿಫಿನ್’ ಪದದ ಪೂರ್ವಾಪರ

ಕುಂದಾಪುರದ ಕಡೆಯಿಂದ ಬಂದು ಥಾಣೆಯ ಹೋಟೆಲೊಂದನ್ನು ಹೊಸದಾಗಿ ಸೇರಿದ ಹುಡುಗನಿಗೆ ‘ಟಿಫಿನ್’ ಎಂದರೆ ಇಡ್ಲಿ, ದೋಸೆ, ಉಪ್ಪಿಟ್ಟು. ಡೊಂಬಿವಲಿಯಲ್ಲಿ ಬೆಳಗಿನ ಲೋಕಲ್ ಗಾಡಿ ಹಿಡಿಯುವ ಗುಮಾಸ್ತರಿಗೆ ಅದೇ ಪದವು ಚೀಲದೊಳಗಿನ ಡಬ್ಬಿ. ನವಿಮುಂಬಯಿಯಲ್ಲಿ ಒಬ್ಬಂಟಿಯಾಗಿ ಕೋಣೆ ಹಿಡಿದಿರುವ ನೌಕರನಿಗೆ ತಿಂಗಳ ಲೆಕ್ಕದಲ್ಲಿ ಬಾಗಿಲಿಗೆ ಬರುವ ಚಪಾತಿ, ಪಲ್ಯ, ಅನ್ನಗಳೇ ಟಿಫಿನ್. ಬಂಗಾಲದ ಶಾಲೆಗಳಲ್ಲಾದರೋ ಮಕ್ಕಳನ್ನು ಆಟಕ್ಕೆ ಬಿಡುವ ನಡುಹೊತ್ತಿಗೂ ಟಿಫಿನ್ ಎಂದೇ ಹೆಸರು.

ಹೋಟೆಲು ನಡೆಸಿದವರಿಗೆ ಇದರಿಂದ ಉಂಟಾಗುವ ಗೊಂದಲ ಹೊಸತಲ್ಲ. ಗಿರಾಕಿಯು ‘ಟಿಫಿನ್ ಕೊಡು’ ಎನ್ನುತ್ತಾನೆ. ಮಾಣಿಯು ಇಡ್ಲಿ, ವಡೆ, ಉಪ್ಪಿಟ್ಟು ಎಂದು ಒಂದೇ ಉಸಿರಿಗೆ ಪಟ್ಟಿಯನ್ನು ಒಪ್ಪಿಸುತ್ತಾನೆ. ಗಿರಾಕಿಗೆ ಬೇಕಾದುದು ಡಬ್ಬಿಯಲ್ಲಿ ಕಟ್ಟಿಕೊಡುವ ಊಟ. ಸುತ್ತಲಿನವರು ನಗುತ್ತಾರೆ. ತನಗೆ ಇಂಗ್ಲಿಷು ಬಾರದೆಂದು ತಲೆ ತಗ್ಗಿಸುವವನು ಮಾತ್ರ ಯಾವಾಗಲೂ ಮಾಣಿಯೇ. ಅವನು ತಲೆ ತಗ್ಗಿಸಬೇಕಾದ ಕಾರಣವಿದೆಯೇ ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಟಿಫಿನ್ ಎಂಬುದು ಪಂಡಿತರ ಗ್ರಂಥಗಳಿಂದ ಬಂದ ಪದವಲ್ಲ. ಇಂಗ್ಲೆಂಡಿನ ಜನಸಾಮಾನ್ಯರ ಆಡುಮಾತಿನಲ್ಲಿ ‘ಟಿಫ್’ ಎಂದರೆ ಹಗುರವಾದ ಮದ್ಯ ಅಥವಾ ಅದರ ಒಂದು ಗುಟುಕು ಎಂದು ಅರ್ಥವಿತ್ತು. ಫ್ರಾನ್ಸಿಸ್ ಗ್ರೋಸ್ ಎಂಬಾತನು 1785ರಲ್ಲಿ ಲಂಡನ್ನಿನಲ್ಲಿ ಬೀದಿಮಾತುಗಳದೇ ಒಂದು ನಿಘಂಟನ್ನು ಪ್ರಕಟಿಸಿದನು. ಶಿಷ್ಟರು ಬಾಯಿಗೆ ತರಲು ಹಿಂಜರಿಯುತ್ತಿದ್ದ ಮಾತುಗಳ ಆ ಸಂಗ್ರಹದಲ್ಲಿ ‘ಟಿಫಿಂಗ್’ ಎಂಬ ಪದಕ್ಕೆ ಊಟದ ಹೊತ್ತಲ್ಲದ ಹೊತ್ತಿನಲ್ಲಿ ತಿನ್ನುವುದು ಅಥವಾ ಕುಡಿಯುವುದು ಎಂಬ ಅರ್ಥವನ್ನು ಕೊಟ್ಟಿದ್ದಾನೆ. ಅದರ ಜೊತೆಗೇ ಜಗಳವಾಡುವುದು ಎಂಬ ಇನ್ನೊಂದು ಅರ್ಥವೂ ಅಲ್ಲಿದೆ. ಸಣ್ಣ ಮನಸ್ತಾಪಕ್ಕೆ ಇಂಗ್ಲಿಷಿನಲ್ಲಿ ಇಂದಿಗೂ ‘ಟಿಫ್’ ಎನ್ನುವುದುಂಟು.

ಈ ಬೀದಿಮಾತು ಭಾರತಕ್ಕೆ ಬಂದು ಮರ್ಯಾದೆ ಪಡೆಯಿತು. ಹದಿನೆಂಟನೆಯ ಶತಮಾನದಲ್ಲಿ ಇಲ್ಲಿನ ಇಂಗ್ಲಿಷರು ದಿನದ ದೊಡ್ಡ ಊಟವನ್ನು ಮಧ್ಯಾಹ್ನದಲ್ಲಿ ಮಾಡುತ್ತಿದ್ದರು. ಕ್ರಮೇಣ ಅದು ಸಂಜೆಗೆ, ಬಳಿಕ ರಾತ್ರಿಗೆ ಸರಿಯಿತು. ಬಿಸಿಲಿನ ನಡುಹಗಲಿಗೆ ಹೊಟ್ಟೆಗೆ ಹಗುರವಾದುದೇನಾದರೂ ಬೇಕಾಯಿತು. ಆ ಲಘುಭೋಜನಕ್ಕೆ ಟಿಫಿನ್ ಎಂಬ ಹೆಸರು ನೆಲೆಗೊಂಡಿತು.

ಪದದ ಮೂಲವನ್ನು ಕುರಿತು ಬೇರೆ ವಾದಗಳೂ ಹುಟ್ಟಿದವು. ವಿನೋದ ಎಂಬರ್ಥದ ‘ತಫನ್ನುನ್’ ಎಂಬ ಅರಬ್ಬಿ ಪದದಿಂದ ಬಂದಿತೆಂದು ಕೆಲವರು, ಅನ್ನ ಉಣ್ಣು ಎಂಬರ್ಥದ ‘ಚಿಹ್-ಫಾನ್’ ಎಂಬ ಚೀನೀ ಮಾತಿನಿಂದ ಬಂದಿತೆಂದು ಇನ್ನು ಕೆಲವರು ಸಾಧಿಸಿದರು. ಆಂಗ್ಲೋ-ಇಂಡಿಯನ್ ಪದಗಳ ಪ್ರಸಿದ್ಧ ಕೋಶವಾದ ‘ಹಾಬ್ಸನ್-ಜಾಬ್ಸನ್’ 1886ರಲ್ಲಿ ಹೊರಬಂದಾಗ ಅದರ ಕರ್ತೃಗಳು ಈ ಎರಡನ್ನೂ ಒಪ್ಪದೆ ಇಂಗ್ಲಿಷಿನ ಆಡುಮಾತನ್ನೇ ಮೂಲವೆಂದು ಎತ್ತಿಹಿಡಿದರು. ಚೀನೀ ಭಾಷೆಯ ತುಂಡು ಮಾತುಗಳಿಂದ ಯಾವ ಪದವನ್ನಾದರೂ ಹುಟ್ಟಿಸಬಹುದೆಂದು ಅವರು ಪರಿಹಾಸ್ಯವನ್ನೂ ಮಾಡಿದ್ದಾರೆ. ನಮ್ಮ ‘ತಿಂಡಿ’ಯೇ ಟಿಫಿನ್ ಆಯಿತೆಂದು ಯಾರಾದರೂ ಹೆಮ್ಮೆಪಟ್ಟರೆ ಅದೂ ಇದೇ ಜಾತಿಯ ವಾದವೆನ್ನಬೇಕು. ಉಚ್ಚಾರದ ಹೋಲಿಕೆಯೊಂದೇ ಸಂಬಂಧಕ್ಕೆ ಸಾಕ್ಷಿಯಾಗಲಾರದು.

ಈ ಕೋಶದ ಇಬ್ಬರು ಕರ್ತೃಗಳಲ್ಲಿ ಒಬ್ಬನಾದ ಆರ್ಥರ್ ಬರ್ನೆಲ್ ನಮ್ಮ ಊರಿನವರಿಗೆ ತೀರ ಪರಕೀಯನಲ್ಲ. ಮದರಾಸು ಪ್ರಾಂತದಲ್ಲಿ ನ್ಯಾಯಾಧೀಶನಾಗಿದ್ದ ಈತನು ದಕ್ಷಿಣ ಭಾರತದ ಪ್ರಾಚೀನ ಲಿಪಿಗಳನ್ನು ಕುರಿತು ಬರೆದ ಗ್ರಂಥವು 1874ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ತುಳುನಾಡಿನ ಭೂತಗಳ ಪಾಡ್ದನಗಳನ್ನು ಸಂಗ್ರಹಿಸಿದವನೂ ಈತನೇ. 1882ರಲ್ಲಿ ತೀರಿಕೊಂಡುದರಿಂದ ಕೋಶವು ಅಚ್ಚಾದುದನ್ನು ಕಾಣುವ ಭಾಗ್ಯ ಅವನಿಗೆ ಒದಗಲಿಲ್ಲ.

ಇಂಗ್ಲಿಷರ ಮೇಜಿನಿಂದ ಇಳಿದ ಪದವು ದಕ್ಷಿಣದಲ್ಲಿ ಬೇರೆ ದಾರಿ ಹಿಡಿಯಿತು. ಅನ್ನದ ಊಟವೊಂದು, ಊಟವಲ್ಲದ ತಿನಿಸು ಇನ್ನೊಂದು ಎಂಬ ಭೇದ ನಮ್ಮಲ್ಲಿ ಮೊದಲೇ ಇತ್ತು. ಕಾಫಿ ಹೋಟೆಲುಗಳು ಎದ್ದಾಗ ಆ ಎರಡನೆಯದಕ್ಕೆ ಬೋರ್ಡಿನ ಮೇಲೆ ಬರೆಯಲು ಈ ಪದವು ಅನುಕೂಲವಾಯಿತು. ಕೋಟದ ಸಮೀಪದ ಪಾರಂಪಳ್ಳಿಯಿಂದ ಹೋದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಬ್ರಾಹ್ಮಣ ಕಾಫಿ ಕ್ಲಬ್ಬು ಅನಂತರ ಮಾವಳ್ಳಿ ಟಿಫಿನ್ ರೂಮ್ಸ್ ಎಂದೇ ನಾಡಿಗೆಲ್ಲ ಪರಿಚಿತವಾಯಿತು.

ಮುಂಬಯಿಯ ದಾರಿ ಮತ್ತೊಂದು. ಇಲ್ಲಿ ಮನೆಗೂ ಕಛೇರಿಗೂ ನಡುವಣ ದೂರವೇ ಪದದ ಅರ್ಥವನ್ನು ತಿದ್ದಿತು. ಬೆಳಗ್ಗೆ ಬೇಗನೆ ಹೊರಡುವವನಿಗೆ ಅಡಿಗೆ ಆಗಿರುವುದಿಲ್ಲ. ಆದ ಮೇಲೆ ಅದನ್ನು ಯಾರಾದರೂ ಹೊತ್ತು ತರಬೇಕು. ಮಹಾದೇವ ಹಾವಜಿ ಬಚ್ಚೆಯವರು 1890ರ ಸುಮಾರಿಗೆ ಆರಂಭಿಸಿದ ಡಬ್ಬಾವಾಲಾ ವ್ಯವಸ್ಥೆಯು ಈ ಅಗತ್ಯದಿಂದ ಬೆಳೆಯಿತು. 1956ರಲ್ಲಿ ಅವರ ಸಂಸ್ಥೆಯು ನೋಂದಣಿಯಾದಾಗ ಅದರ ಹೆಸರಿನಲ್ಲಿಯೂ ‘ಟಿಫಿನ್ ಬಾಕ್ಸ್’ ಸೇರಿತು. ಕಾಲಕ್ರಮದಲ್ಲಿ ‘ಬಾಕ್ಸ್’ ಉದುರಿ, ‘ಕ್ಯಾರಿಯರ್’ ಉದುರಿ, ಡಬ್ಬಿಯೇ ಟಿಫಿನ್ ಆಯಿತು. ‘ಎರಡು ಪ್ಲೇಟ್ ತಿಂದೆ’ ಎನ್ನುವಾಗ ಪಾತ್ರೆಯ ಹೆಸರು ತಿನಿಸಿಗೆ ಸಲ್ಲುತ್ತದೆ. ಇಲ್ಲಿ ತಿನಿಸಿನ ಹೆಸರು ಪಾತ್ರೆಗೆ ಸಂದಿತು.

ಇಷ್ಟಾಗಿ, ಪದವು ಹುಟ್ಟಿದ ದೇಶದಲ್ಲಿ ಅದರ ಗತಿಯೇನು? ಬ್ರಿಟನ್ನಿನ ಅಂಗಡಿಗಳಲ್ಲಿ ಇಂದು ಟಿಫಿನ್ ಎಂದು ಕೇಳಿದರೆ ಬಿಸ್ಕತ್ತಿನ ಪುಡಿ, ಒಣದ್ರಾಕ್ಷಿ, ಚಾಕೊಲೇಟುಗಳನ್ನು ಬೆರೆಸಿ, ಬೇಯಿಸದೆ ಗಟ್ಟಿಯಾಗಿಸಿದ ಒಂದು ಸಿಹಿಯನ್ನು ಕೊಡುತ್ತಾರೆ. ಹಾಗಾದರೆ ಸರಿಯಾದ ಅರ್ಥವನ್ನು ಬಲ್ಲವರು ಯಾರು? ಲಂಡನ್ನಿನ ಮಿಠಾಯಿ ಅಂಗಡಿಯವನೋ, ಡೊಂಬಿವಲಿಯ ಗುಮಾಸ್ತರೋ, ಕುಂದಾಪುರದ ಹುಡುಗನೋ? ಮೂವರೂ ಬಲ್ಲರು ಎಂಬುದೇ ಉತ್ತರ. ಊಟದ ಹೊತ್ತಲ್ಲದ ಹೊತ್ತಿನಲ್ಲಿ ತಿನ್ನುವುದು ಎಂಬ 1785ರ ಅರ್ಥವನ್ನು ಹಿಡಿದು ನೋಡಿದರಂತೂ ಮಾಣಿಯ ಇಡ್ಲಿ, ವಡೆಗಳೇ ಮೂಲಕ್ಕೆ ಹೆಚ್ಚು ಸಮೀಪವಾಗಿವೆ.

ಆದುದರಿಂದ ಮಾಣಿಯಾಗಿರುವ ತಮ್ಮಂದಿರು ಈ ವಿಷಯದಲ್ಲಿ ಸಂಕೋಚಪಡಬೇಕಾಗಿಲ್ಲ. ‘ಇಲ್ಲಿಯೇ ತಿನ್ನುವಿರೋ, ಡಬ್ಬಿಗೆ ಕಟ್ಟಬೇಕೋ?’ ಎಂದು ಒಂದು ಮಾತು ಕೇಳಿದರೆ ಗೊಂದಲ ಪರಿಹಾರವಾಗುತ್ತದೆ. ಗಲ್ಲೆಯಲ್ಲಿ ಕುಳಿತ ಯಜಮಾನರೂ ಗಿರಾಕಿಯ ನಗುವಿಗೆ ತಮ್ಮ ನಗುವನ್ನು ಕೂಡಿಸದೆ ಹುಡುಗನ ಪಕ್ಷ ವಹಿಸುವುದು ನ್ಯಾಯ.

ಜೊತೆಗೆ ಇನ್ನೊಂದು ಮಾತು. ಟಿಫಿನ್ ಒಂದೇ ಹೊತ್ತು ತರುವ ಅರ್ಥಗಳಿಗೆ ನಮ್ಮಲ್ಲಿ ತಿಂಡಿ, ಫಲಾಹಾರ, ಬುತ್ತಿ ಎಂದು ಬೇರೆ ಬೇರೆ ಪದಗಳಿವೆ. ‘ಉಪಾಹಾರಗೃಹ’ ಎಂಬುದನ್ನು ಮರಾಠಿಯವರೂ ತಮ್ಮ ಬೋರ್ಡುಗಳಲ್ಲಿ ಬರೆಯುತ್ತಾರೆ. ಬಂದ ಪದವನ್ನು ಆದರಿಸೋಣ. ಆದರೆ ಮನೆಯಲ್ಲಿ ಮಗುವಿನ ಕೈಗೆ ಡಬ್ಬಿ ಕೊಡುವಾಗಲಾದರೂ ‘ಬುತ್ತಿ ತೆಗೆದುಕೊಂಡೆಯಾ?’ ಎಂದು ಕೇಳುವ ವಾಡಿಕೆಯನ್ನು ಬಿಡದಿರೋಣ.