ಹೂವು ನಿಲ್ಲುವ ಹೊಸ್ತಿಲು

ಚೈತ್ರವು ಕಾಲಿಡಲು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಹಿತ್ತಿಲಲ್ಲಿ ದುಂಡುಮಲ್ಲಿಗೆಯು ಮೊಗ್ಗೊಡೆಯುತ್ತದೆ. ಬಿಸಿಲು ಏರಿದಷ್ಟೂ ಅದಕ್ಕೆ ಹುರುಪು. ಸಂಜೆ ಅರಳಿದ ಹೂವು ಮರುದಿನವೇ ಬಾಡುವುದು. ಕೂಡಿಡಲು ಬಾರದ ಈ ಸಿರಿಯನ್ನು ಹಂಚಿಯೇ ಅನುಭವಿಸಬೇಕು.

ಚೈತ್ರಗೌರಿಯ ಅರಿಶಿನ-ಕುಂಕುಮದಲ್ಲಿ ಕೋಸಂಬರಿ-ಪಾನಕಗಳೊಡನೆ ಹೂವನ್ನೂ ಕೊಡುವ ಪದ್ಧತಿಯು ಸ್ತುತ್ಯವಾದುದೇ. ಆದರೆ ಗಂಡನನ್ನು ಕಳೆದುಕೊಂಡವಳ ಹೊಸ್ತಿಲಲ್ಲಿ ಆ ಕೈ ಹಿಂದೆ ಸರಿಯುವುದೇಕೆ? ಆಕೆಯ ಮರುವಿವಾಹವನ್ನು ಕಾಯಿದೆಯು 1856ರಲ್ಲಿಯೇ ಮನ್ನಿಸಿತು. ಒಂದು ಮೊಳ ಹೂವನ್ನು ರೂಢಿಯು ಅನೇಕ ಮನೆಗಳಲ್ಲಿ ಇನ್ನೂ ಮನ್ನಿಸಿಲ್ಲ. ಗಿಡಕ್ಕೆ ನೀರೆರೆದವರಲ್ಲಿ ಆಕೆಯೂ ಒಬ್ಬಳಲ್ಲವೇ?

ದುಂಡುಮಲ್ಲಿಗೆಯನ್ನು ಬೆಳೆಸುವುದು ಬೀಜದಿಂದಲ್ಲ, ಟೊಂಗೆಯಿಂದ. ಮಳೆಗಾಲ ಬರಲು ಒಂದು ಟೊಂಗೆಯನ್ನು ಆಕೆಯ ಅಂಗಳಕ್ಕೂ ಮುಟ್ಟಿಸಿರಿ. ಅದಕ್ಕೂ ಮೊದಲು, ಈ ಚೈತ್ರದ ಮೊದಲ ಮಾಲೆಯನ್ನು ಆಕೆಯ ಮುಡಿಗೇ ಸಲ್ಲಿಸಿರಿ.