ಹೆಸರು ಮೂರು, ಕೈ ಒಂದು! ನಿಮ್ಮ ದುಡ್ಡಿಗೆ ಯಾವ ಬೇಸ್ ಗಿಟಾರ್?

ಪೋಸ್ಟರಿನಲ್ಲಿ ಅವನ ಮುಖ ಕಾಣೋಲ್ಲ. ಟೈಟಲ್ ಕಾರ್ಡಿನಲ್ಲಿ ಹೆಸರು ಬಂದರೂ ಓದೋಷ್ಟರಲ್ಲಿ ಮಾಯ! ಆರ್ಕೆಸ್ಟ್ರಾ ವೇದಿಕೆಯಲ್ಲಿ ಡ್ರಮ್ಸ್ ಪಕ್ಕದ ಅರೆಗತ್ತಲಲ್ಲಿ ನಿಂತಿರ್ತಾನೆ. ಶಿಳ್ಳೆ ಗಾಯಕನಿಗೆ, ಹೂಮಾಲೆ ಸಂಘಟಕರಿಗೆ. ಆದರೆ ಆ ಮನುಷ್ಯ ಒಂದು ನಿಮಿಷ ಕೈ ನಿಲ್ಲಿಸಲಿ ನೋಡೋಣ... ಹಾಡಿನ ಕಾಲಡಿಯ ನೆಲವೇ ಜಾರಿದ ಹಾಗಾಗುತ್ತೆ!

ಅವನೇ ಸ್ವಾಮಿ, ಬೇಸ್ ಗಿಟಾರಿಸ್ಟ್.

ನಂಬಿಕೆ ಬರಲಿಲ್ಲವೇ? ಶಂಕರ್ ನಾಗ್ ಅವರ ‘ಗೀತಾ’ (1981), ಮಣಿರತ್ನಂ ಅವರ ‘ಪಲ್ಲವಿ ಅನುಪಲ್ಲವಿ’ (1983) ಹಾಡುಗಳನ್ನು ಹೆಡ್‌ಫೋನ್ ಹಾಕಿ ಮತ್ತೊಮ್ಮೆ ಕೇಳಿ. ಹಾಡಿನ ಕೆಳಗೆ ಇನ್ನೊಂದು ಹಾಡು ಹರೀತಿರುತ್ತೆ! ಸಂಗೀತ ಕೊಟ್ಟ ಇಳಯರಾಜ ಸ್ವತಃ ಗಿಟಾರ್ ವಾದಕರು, ನಮ್ಮ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ಪಳಗಿದವರು. ಮೊಬೈಲ್ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ. ಬೇಸ್‌ನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತೆ. ಆ ಗುಡುಗು ಆ ಪುಟ್ಟ ಡಬ್ಬಿಗೆ ನಿಲುಕೋದಿಲ್ಲ.

ಕೇಳಿದ ಮೇಲೆ ‘ನಾನೂ ಬಾರಿಸಬೇಕು’ ಅನ್ನಿಸೋದು ಸಹಜ. ಆದರೆ ದುಡ್ಡು? ಚೀಟಿ ಎತ್ತಿದ್ದು ಒಂದಿಷ್ಟು, ಅಣ್ಣನ ಹತ್ರ ಕೈಸಾಲ ಇನ್ನೊಂದಿಷ್ಟು. ಎರಡನೇ ಸಲ ಕೇಳೋಕೆ ಮುಖವಿಲ್ಲ. ಆರಿಸಿದ್ದು ಕೈಕೊಟ್ಟರೆ ಗಿಟಾರ್ ಗೋಡೆಗೆ, ಕನಸು ಅಟ್ಟಕ್ಕೆ! ಹಾಗಾಗಿ ಅಂಗಡಿ ಮೆಟ್ಟಿಲು ಹತ್ತೋ ಮೊದಲು ನಾಲ್ಕು ಮಾತು.

ಅಖಾಡದಲ್ಲಿ ಮೂವರು

ಕಡಿಮೆ ಬೆಲೆಯ ಸಾಲಿನಲ್ಲಿ ಹೆಚ್ಚಾಗಿ ಕೇಳಿಬರೋ ಹೆಸರು ಮೂರು: ಯಮಾಹಾ, ಐಬನೆಜ್, ಸ್ಕ್ವಯರ್.

ಯಮಾಹಾ ಅಂದ ಕೂಡಲೇ ನಮ್ಮ ಹುಡುಗರಿಗೆ ಬೈಕ್ ನೆನಪಾಗುತ್ತೆ. ಆದರೆ ಆ ಕಂಪನಿ 1887ರಲ್ಲಿ ಹುಟ್ಟಿದ್ದೇ ವಾದ್ಯದಿಂದ. ಬೈಕಿನ ಮೇಲಿನ ಆ ಗುರುತು ನೋಡಿ, ಮೂರು ಶ್ರುತಿಕವಲುಗಳು! ಐಬನೆಜ್ ಹೆಸರು ಸ್ಪೇನಿನದು, ಕಂಪನಿ ಜಪಾನಿನದು. ಸ್ಕ್ವಯರ್ ಅಂದರೆ ಅಮೆರಿಕದ ಫೆಂಡರ್ ಮನೆತನದ ಕಿರಿಮಗ.

ಫೆಂಡರ್ ಮನೆ ಯಜಮಾನ ಲಿಯೋ ಫೆಂಡರ್ 1951ರಲ್ಲಿ ‘ಪ್ರಿಸಿಷನ್’ ಬೇಸ್ ತಂದರು. ಅಲ್ಲೀತನಕ ಬೇಸ್ ಅಂದರೆ ಆಳೆತ್ತರದ ಪಿಟೀಲಿನಂಥ ವಾದ್ಯ, ಹೊರೋಕೆ ಒಬ್ಬ ಆಳು ಬೇಕು! ಲಿಯೋ ಅದನ್ನು ಹೆಗಲಿಗೇರಿಸಿದರು. ತಮಾಷೆ ಏನಪ್ಪಾ ಅಂದರೆ, ಆ ಮಹಾಶಯರಿಗೆ ಗಿಟಾರ್ ಬಾರಿಸೋಕೇ ಬರ್ತಿರಲಿಲ್ಲ!

ಎಪ್ಪತ್ತರ ದಶಕದಲ್ಲಿ ಜಪಾನಿನವರು ಅಮೆರಿಕದ ಗಿಟಾರುಗಳನ್ನು ಅಚ್ಚೊತ್ತಿದ ಹಾಗೆ ನಕಲು ಮಾಡಿ ಅಗ್ಗಕ್ಕೆ ಮಾರಿದರು. 1977ರಲ್ಲಿ ಗಿಬ್ಸನ್ ಕಂಪನಿಯ ಒಡೆಯರು ಐಬನೆಜ್ ಕಡೆಯವರನ್ನು ಕೋರ್ಟಿಗೇ ಎಳೆದರು! ಫೆಂಡರ್ ಬೇರೆ ಪಟ್ಟು ಹಾಕಿತು. ‘ನೀವು ನಮ್ಮ ನಕಲು ಮಾಡೋದೇಕೆ, ನಾವೇ ಜಪಾನಿನಲ್ಲಿ ಮಾಡಿಸ್ತೀವಿ’ ಅಂತ 1982ರಲ್ಲಿ ಸ್ಕ್ವಯರ್ ಹೆಸರಿನ ಗಿಟಾರ್ ಇಳಿಸಿತು. ಹೇಗಿದೆ ಕಥೆ?

ಹೆಸರಿಗೆ ಮರುಳಾಗಬೇಡಿ

ಈಗ ಕ್ಲೈಮ್ಯಾಕ್ಸ್ ಕೇಳಿ. ಇವತ್ತು ಈ ಮೂವರ ಅಗ್ಗದ ಮಾಡೆಲ್‌ಗಳ ಹಿಂಭಾಗ ತಿರುಗಿಸಿ ನೋಡಿದರೆ ಹೆಚ್ಚಾಗಿ ಕಾಣೋದು ಇಂಡೋನೇಷ್ಯಾ, ಇಲ್ಲವೇ ಚೀನಾ! ಕೊರಿಯಾ ಮೂಲದ ಕಾರ್ಟ್ ಅನ್ನೋ ಕಂಪನಿಯಂತೂ ತನ್ನ ಹೆಸರಿನಲ್ಲೂ ಮಾಡುತ್ತೆ, ಬೇರೆ ದೊಡ್ಡ ಬ್ರಾಂಡುಗಳಿಗೂ ಮಾಡಿಕೊಡುತ್ತೆ. ತೆರೆ ಮೇಲೆ ಬದ್ಧವೈರಿಗಳು, ತೆರೆ ಹಿಂದೆ ಒಂದೇ ಮೇಕಪ್ ರೂಮು! ಹಾಗಾಗಿ ‘ಈ ಬ್ರಾಂಡು ಗಂಡು, ಅದು ದಂಡ’ ಅನ್ನೋ ಜಗಳಕ್ಕೆ ಅರ್ಥವಿಲ್ಲ. ವ್ಯತ್ಯಾಸ ಇರೋದು ಬೇರೆ ಕಡೆ.

ಕೈಯನ್ನು ಕೇಳಿ

ಯಮಾಹಾದ ಟಿಆರ್‌ಬಿಎಕ್ಸ್ 174ಕ್ಕೆ ಎರಡು ಬಗೆಯ ಪಿಕಪ್, 24 ಫ್ರೆಟ್. ಬ್ಯಾಟರಿ ಕಾಟವಿಲ್ಲ. ಭಾವಗೀತೆ, ಟಪ್ಪಾಂಗುಚ್ಚಿ, ಭಜನೆ ಎಲ್ಲಕ್ಕೂ ಹೊಂದಿಕೊಳ್ಳೋ ಸ್ವಭಾವ. ಪೋಷಕ ನಟನ ಹಾಗೆ, ಯಾವ ಪಾತ್ರ ಕೊಟ್ಟರೂ ಸೈ.

ಐಬನೆಜ್‌ನ ಜಿಎಸ್‌ಆರ್ 200ಕ್ಕೆ ತೆಳು ನೆಕ್, ಹಗುರ ಮೈ. ಸಣ್ಣ ಅಂಗೈಯವರಿಗೆ, ರಾತ್ರಿಯೆಲ್ಲಾ ನಿಂತು ಬಾರಿಸೋರಿಗೆ ಹಿತ. ಇದರಲ್ಲಿ ಬೇಸ್ ಉಬ್ಬಿಸೋ ಒಂದು ತಿರುಪು ಇದೆ, ಅದಕ್ಕೆ 9 ವೋಲ್ಟ್ ಬ್ಯಾಟರಿ ಬೇಕು. ಬಾರಿಸಿದ ಮೇಲೆ ವೈರು ಕೀಳೋದು ಮರೆತಿರೋ, ಬ್ಯಾಟರಿ ಸುಮ್ಮನೆ ಸವೆಯುತ್ತೆ.

ಸ್ಕ್ವಯರ್‌ನಲ್ಲಿ ಎರಡು ದಾರಿ. ಪ್ರಿಸಿಷನ್ ಮಾದರಿಯದು ನೆಕ್ ಅಗಲ, ದನಿ ಗುಂಡುಕಲ್ಲಿನ ಹಾಗೆ ಗಟ್ಟಿ. ಜಾಝ್ ಮಾದರಿಯದು ತುದಿಯಲ್ಲಿ ನೆಕ್ ಅಗಲ ಸುಮಾರು 38 ಮಿಲಿಮೀಟರ್ ಅಷ್ಟೇ, ಬೆರಳು ಸಲೀಸಾಗಿ ಓಡುತ್ತೆ. ಹಳೇ ರೆಕಾರ್ಡುಗಳ ದನಿಗೆ ಸೋತವರಿಗೆ ಇದು.

ಸಾಮಾನ್ಯವಾಗಿ ಇವೆಲ್ಲ 34 ಇಂಚಿನ ತಂತಿಯ ವಾದ್ಯಗಳು. ಮೊದಲ ಫ್ರೆಟ್ಟಿನ ಹತ್ರ ನಾಲ್ಕು ಬೆರಳು ಬಿಡಿಸಿ ಹಿಡೀರಿ. ಐದು ನಿಮಿಷಕ್ಕೇ ಮಣಿಕಟ್ಟು ಅಳ್ತಿದ್ದರೆ 30 ಇಂಚಿನ ಗಿಡ್ಡ ಬೇಸ್ ಕೇಳಿ. ಅದರಲ್ಲಿ ಅವಮಾನ ಏನೂ ಇಲ್ಲ.

ನೆಲ ನಿಜವಾಗಿ ಡೊಂಕೇ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ಅಗ್ಗದ ಬೇಸ್‌ನಲ್ಲಿ ಕೆಲವು ಸಲ ನೆಲ ನಿಜವಾಗಿಯೂ ಡೊಂಕಿರುತ್ತೆ! ಹುಡುಗ ತನಗೆ ಬೆರಳೇ ಸಾಗೋಲ್ಲ ಅಂತ ಕೈಚೆಲ್ಲುತ್ತಾನೆ, ತಪ್ಪು ಮರದ್ದು.

ಬಡಗಿ ಹಲಗೆಯ ನೇರ ನೋಡೋಕೆ ಒಂದು ಕಣ್ಣು ಮುಚ್ತಾನಲ್ಲ, ಹಾಗೆ ನೆಕ್ ಉದ್ದಕ್ಕೂ ನೋಡಿ. ಕೂದಲೆಳೆಯಷ್ಟು ಬಾಗಿದ್ದರೆ ಪರವಾಗಿಲ್ಲ, ಒಳಗಿನ ಟ್ರಸ್ ರಾಡ್ ತಿರುಗಿಸಿ ಸರಿ ಮಾಡಬಹುದು. ಹಗ್ಗದ ಹಾಗೆ ತಿರುಚಿದ್ದರೆ ಕೈ ಮುಗಿದು ವಾಪಸ್ ಕೊಡಿ. ಹನ್ನೆರಡನೇ ಫ್ರೆಟ್ಟಿನ ಮೇಲೆ ತಂತಿಯ ಎತ್ತರ ಎರಡು, ಎರಡೂವರೆ ಮಿಲಿಮೀಟರ್ ಇದ್ದರೆ ಬೆರಳಿಗೆ ಸುಖ. ನೆಕ್ ಅಂಚಿನಲ್ಲಿ ಅಂಗೈ ಸವರಿ, ಫ್ರೆಟ್ ತುದಿ ಚುಚ್ಚಬಾರದು. ಪ್ರತಿ ಫ್ರೆಟ್ಟನ್ನೂ ಒತ್ತಿ ಮೀಟಿ, ‘ಜರ್ರ್’ ಅನ್ನಬಾರದು. ತಿರುಪು ತಿರುಗಿಸಿ, ಹುರಿಗಡಲೆ ಸಿಡಿದಂಥ ಸದ್ದು ಬರಬಾರದು.

ಒಂದೇ ಮಾಡೆಲ್‌ನ ಎರಡು ಪೀಸ್ ಇದ್ದರೆ ಎರಡನ್ನೂ ನೋಡಿ. ಅಣ್ಣತಮ್ಮಂದಿರಾದರೂ ಗುಣ ಬೇರೆ! ಅಂಗಡಿ ಹುಡುಗ ಫಟಾಫಟ್ ಬಾರಿಸಿ ತೋರಿಸ್ತಾನೆ, ಮರುಳಾಗಬೇಡಿ. ಬೆರಳು ಅವನದು, ದುಡ್ಡು ನಿಮ್ಮದು.

ಎಲ್ಲಾ ದುಡ್ಡು ಗಿಟಾರಿಗೇ ಸುರೀಬೇಡಿ

ಬೇಸ್ ಒಂದೇ ಮನೆಗೆ ಬಂದರೆ ಅದು ಮೂಗ. ಆಂಪ್ಲಿಫೈಯರ್ ಬೇಕು. ಗೆಳೆಯನ ಪುಟ್ಟ ಗಿಟಾರ್ ಆಂಪ್‌ಗೆ ಬೇಸ್ ಚುಚ್ಚಿ ಜೋರು ಮಾಡಿದರೆ ಸ್ಪೀಕರ್ ಹರಿಯಬಹುದು, ಗೆಳೆತನವೂ! ಬೇಸ್‌ಗೆಂದೇ ಮಾಡಿದ ಸಣ್ಣ ಆಂಪ್ ತಗೊಳ್ಳಿ. ಅದಕ್ಕೂ ದುಡ್ಡಿಲ್ಲವೇ? ನೇರ ಗಿಟಾರಿಗೇ ಸಿಕ್ಕಿಸೋ ಹೆಡ್‌ಫೋನ್ ಆಂಪ್ ಸಿಗುತ್ತೆ. ಮನೆಯವರ ಬೈಗುಳವೂ ತಪ್ಪುತ್ತೆ. ಸೆಟಪ್ ಮಾಡಿಸೋಕೆ ಒಂದಿಷ್ಟು ಎತ್ತಿಡಿ. ಹಾಸಿಗೆ ಇದ್ದಷ್ಟು ಕಾಲು ಚಾಚೋದು ಅಂದರೆ ಇದೇ.

ಮೂವತ್ತು ಪೌಂಡಿನ ಬೇಸ್

ಕೊನೆಗೊಂದು ನಿಜ ಕಥೆ. 1961, ಜರ್ಮನಿಯ ಹ್ಯಾಂಬರ್ಗ್. ಕ್ಲಬ್ಬುಗಳಲ್ಲಿ ಬಾರಿಸೋ ಇಂಗ್ಲೆಂಡಿನ ಎಡಗೈ ಹುಡುಗನೊಬ್ಬನಿಗೆ ಬೇಸ್ ಬೇಕಿತ್ತು. ಫೆಂಡರ್‌ಗೆ ಸುಮಾರು 100 ಪೌಂಡ್. ಸಾಲ ಮಾಡೋಕೆ ಮನಸ್ಸಿಲ್ಲ. ಪಿಟೀಲಿನ ಆಕಾರದ ಹಾಫ್ನರ್ ಬೇಸ್ ಸುಮಾರು 30 ಪೌಂಡಿಗೆ ಸಿಕ್ಕಿತು. ಗಿಡ್ಡ, ಹಗುರ. ಎರಡೂ ಕಡೆ ಒಂದೇ ಆಕಾರ, ಎಡಗೈಯಲ್ಲಿ ಹಿಡಿದರೂ ವಿಚಿತ್ರ ಕಾಣೋಲ್ಲ. ಅದನ್ನೇ ಕೊಂಡ.

ಹುಡುಗನ ಹೆಸರು ಪಾಲ್ ಮೆಕಾರ್ಟ್ನಿ. ತಂಡ ಬೀಟಲ್ಸ್! ಲೋಕ ಕುಣಿದ ಮೊದಲ ಹಾಡುಗಳಲ್ಲಿ ಗುಡುಗಿದ್ದು ಆ ಅಗ್ಗದ ಬೇಸೇ. 1972ರಲ್ಲಿ ಲಂಡನ್ನಿನಲ್ಲಿ ವ್ಯಾನಿನಿಂದ ಅದು ಕಳುವಾಯಿತು. ಐವತ್ತು ವರ್ಷ ದಾಟಿದ ಮೇಲೆ ಯಾರದೋ ಮನೆ ಅಟ್ಟದಲ್ಲಿ ಪತ್ತೆಯಾಗಿ ಒಡೆಯನ ಕೈ ಸೇರಿತು. ಆ ಸುದ್ದಿ 2024ರಲ್ಲಿ ಹೊರಬಿದ್ದಾಗ ಲೋಕವೆಲ್ಲಾ ಕುಣಿದಾಡಿತು.

ಅವನು ದೊಡ್ಡ ಹೆಸರು ಹುಡುಕಲಿಲ್ಲ. ಜೇಬಿಗೆ ಎಟುಕೋದನ್ನು, ಕೈಗೆ ಒಗ್ಗೋದನ್ನು ಆರಿಸಿದ. ಹೆಸರು ಆಮೇಲೆ ತಾನಾಗಿ ಬಂತು.

ಎಲ್ಲಾ ಬಗೆಯ ಹಾಡಿಗೂ ಒಂದೇ ಬೇಸ್ ಸಾಕೆನ್ನೋರಿಗೆ ಯಮಾಹಾ, ಕೈ ಸಣ್ಣದಾದರೆ ಐಬನೆಜ್, ಹಳೇ ದನಿಯ ಹುಚ್ಚಿದ್ದರೆ ಸ್ಕ್ವಯರ್. ಮೂರೂ ಒಂದೇ ಅನ್ನಿಸಿತೇ? ನೆಕ್ ನೆಟ್ಟಗಿರೋದನ್ನು, ಆಂಪ್‌ಗೆ ದುಡ್ಡು ಉಳಿಸೋದನ್ನು ಎತ್ತಿಕೊಳ್ಳಿ. ಮುಂದಿನ ಗಣೇಶನ ಹಬ್ಬಕ್ಕೆ ಡ್ರಮ್ಸ್ ಪಕ್ಕದ ಆ ಅರೆಗತ್ತಲ ಜಾಗ ನಿಮ್ಮದಾಗಲಿ!